ಗೋಲು ಹೊಡೆಯದವನಿಗೆ

ಉಪ್ಸಾಲಾ, ಸ್ವೀಡನ್
18 ಫೆಬ್ರವರಿ 2007

ಚಿರಂಜೀವಿ ಪ್ರಜ್ಞೇಶನಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಪಂದ್ಯ ನೋಡಿ ಬಂದ ಮರುದಿನವೇ ಬರೆಯಬೇಕಿತ್ತು. ಕೋಪ ಇಳಿಯಲಿ ಎಂದು ಒಂದು ವಾರ ಕಾದೆ. ಇಳಿಯಲಿಲ್ಲ, ಬರೆಯುತ್ತಿದ್ದೇನೆ. ಫೋನಿನಲ್ಲಿ ಗೋಲಿನ ಮಾತೆತ್ತಿದರೆ ಕಟ್ ಮಾಡುತ್ತೀಯ. ಪತ್ರವನ್ನು ಹಾಗೆ ಮಾಡಲಾಗದು. ಅಮ್ಮ ಕಲಿಸಿದ ಕನ್ನಡ ಅಕ್ಷರ ಮರೆತಿದ್ದರೆ ನಿಧಾನವಾಗಿ ಓದು.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಹಾಗೇ ಇದೆ, ಆದರೂ ಈ ಹಿಮದಲ್ಲೂ ಸೈಕಲ್ ತುಳಿಯುವುದನ್ನು ನಿಲ್ಲಿಸುವುದಿಲ್ಲ. ಈ ಮನೆಯಲ್ಲಿ ನನ್ನ ಮಾತು ಯಾರು ಕೇಳುತ್ತಾರೆ? ಕೇಳುವವರಿದ್ದರೆ ನೀನು ಲುಂಡ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಸೀಟು ಬಿಟ್ಟು ಐಸ್-ಹಾಕಿ ಆಟದ ತಂಡಕ್ಕೆ ಸಹಿ ಹಾಕುತ್ತಿದ್ದೆಯಾ?

ಹೋಗಲಿ, ಸೇರಿದೆ. ಮುಂದೆ ನಿಂತು ಗೋಲು ಹೊಡೆಯುವ ಫಾರ್ವರ್ಡ್ ಆಟಗಾರ ನಾನು ಎಂದು ನೀನೇ ಹೇಳಿದೆ. ನಾನೂ ಊರಿಗೆಲ್ಲ ಡಂಗುರ ಸಾರಿದೆ. ಈಗ ಭಾನುವಾರ ಬಂತೆಂದರೆ ಉಡುಪಿಯಿಂದ ನಿನ್ನ ಕೃಷ್ಣಮೂರ್ತಿ ಮಾವನ ಫೋನು: "ಗೋಲು ಎಷ್ಟಾಯ್ತು ಭಾವ?" ಒಂದೂ ಇಲ್ಲ, ಎದುರು ತಂಡದ ದೊಡ್ಡ ಆಟಗಾರನಿಗೆ ಅಂಟಿಕೊಂಡು ಅವನು ಗೋಲು ಹೊಡೆಯದ ಹಾಗೆ ನೋಡಿಕೊಳ್ಳುವುದೇ ಇವನ ಕೆಲಸ ಎಂದೆ. "ಅಡ್ಡ ನಿಲ್ಲುವುದಕ್ಕೂ ಸಂಬಳ ಕೊಡ್ತಾರಾ? ಹಾಗಾದ್ರೆ ನಮ್ಮ ಪೇಟೆಯ ದನಗಳನ್ನೂ ಕಳಿಸ್ತೇನೆ ಮಾರಾಯ್ರೆ" ಎಂದ.

ಅದಕ್ಕೇ ಹೇಳದೆ ಕೇಳದೆ ರೈಲು ಹತ್ತಿ ಬಂದೆ. ಕಣ್ಣಾರೆ ನೋಡಿದೆ. ಆ ಎತ್ತರದ ಹದಿನೇಳನೇ ನಂಬರಿನವನಿಗೆ ಉಸಿರಾಡಲೂ ನೀನು ಬಿಡಲಿಲ್ಲ. ಕೊನೆಗೆ ಅವನು ಸಿಟ್ಟಿನಿಂದ ಸ್ಟಿಕ್ಕನ್ನೇ ಗೋಡೆಗೆ ಬಡಿದು ಮುರಿದ. ಪಕ್ಕದಲ್ಲಿ ಕೂತಿದ್ದ ಮುದುಕ, "ಈ ಹುಡುಗ ಇಲ್ಲದಿದ್ದರೆ ಇವತ್ತು ಸೋಲುತ್ತಿದ್ದೆವು" ಎಂದ. ನನ್ನ ಮಗ ಎಂದೆ. ಎದ್ದು ನಿಂತು ಕೈ ಕುಲುಕಿದ. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಆದರೆ ಆ ಮೈಕಿನವನು? ಗೋಲು ಹೊಡೆದವನ ಹೆಸರನ್ನು ಮತ್ತೆ ಮತ್ತೆ ಕೂಗಿದ. ನಿನ್ನದು ಒಮ್ಮೆಯೂ ಇಲ್ಲ!

ಅದಕ್ಕೇ ಪಂದ್ಯ ಮುಗಿದ ಮೇಲೆ ತಂಡದ ಬಸ್ಸಿನ ಹತ್ತಿರ ನಿಮ್ಮ ಕೋಚ್ ಜೊತೆ ಜಗಳಕ್ಕೆ ನಿಂತದ್ದು. "ಇವತ್ತು ಎಲ್ಲರಿಗಿಂತ ಕಷ್ಟದ ಕೆಲಸ ಮಾಡಿದ್ದು ಅವನೇ" ಎಂದರು. "ಹಾಗಾದರೆ ಅದನ್ನು ಮೈಕಿನಲ್ಲಿ ಹೇಳಿ" ಎಂದೆ. ನನ್ನ ಸ್ವೀಡಿಷ್ ಕೇಳಿ ನಿನ್ನ ಗೆಳೆಯರು ನಕ್ಕರು. ನಗಲಿ, ನನಗೇನು.

ಇನ್ನು ಗೋಲಿನ ವಿಷಯ ಕೇಳುವುದಿಲ್ಲ. ಆಡುವಾಗ ಹಲ್ಲು ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೃಷ್ಣ ನಿನ್ನ ಮೈಕೈ ಗಟ್ಟಿಯಾಗಿಟ್ಟು ಕಾಪಾಡಲಿ.

ಇಂತಿ ನಿನ್ನ ಅಪ್ಪ,
ಪ್ರಭಾಕರ

ತಾ.ಕ.: ನಾನು ಕೋಚ್ ಜೊತೆ ಜಗಳವಾಡುತ್ತಿದ್ದಾಗ ನಿಮ್ಮ ಕ್ಯಾಪ್ಟನ್ ನನ್ನತ್ತ ಕೈ ತೋರಿಸಿ "ಯಾರು ಅವರು?" ಎಂದು ನಿನ್ನನ್ನು ಕೇಳಿದ. ನೀನು ತಲೆ ತಗ್ಗಿಸಿ "ನಮ್ಮಪ್ಪನ ಸ್ನೇಹಿತರು" ಎಂದೆ. ಅಷ್ಟು ಸ್ವೀಡಿಷ್ ನನಗೆ ಬರುತ್ತದೆ ಮಗಾ. ಅಮ್ಮನಿಗೆ ಇದನ್ನು ಹೇಳಿಲ್ಲ. ಪಂದ್ಯ ಮುಗಿದ ಕೂಡಲೇ ನೀನು ಓಡಿ ಬಂದು ನನ್ನನ್ನು ತಬ್ಬಿಕೊಂಡೆ ಎಂದಿದ್ದೇನೆ. ಅವಳು ಕೇಳಿದರೆ ನೀನೂ ಹಾಗೇ ಹೇಳು.