ಕಣದ ಗಂಟು, ಲಿಸ್ಬನ್ನಿನ ಕುರ್ಚಿ

ನರೇಗಲ್
೧೧ ಮಾರ್ಚ್ ೨೦೨೫, ಮಂಗಳವಾರ

ನೀಲಾ,

ಜಬೀನಳ ಸಲಾಮು. ನೀನು, ಕನಕರಾಜಣ್ಣ, ಮಗಳು, ಅಳಿಯ, ಕೂಸು ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಾವೂ ಆರಾಮ. ರೋಜಾ ನಡೆದಿವೆ. ಬಿಸಿಲು ಈಗಲೇ ನೆತ್ತಿ ಸುಡುತ್ತಿದೆ. ಮೆಣಸಿನಕಾಯಿ ಘಾಟಿಗೆ ಕಣದಲ್ಲಿ ದಿನವೆಲ್ಲಾ ಸೀನುತ್ತೇವೆ, ಸೀನಿದ ಮೇಲೆ ಒಂದು ಗುಟುಕು ನೀರು ಕುಡಿಯುವ ಹಾಗಿಲ್ಲ. ಫಕೀರವ್ವ ನನ್ನ ಮುಂದೆ ನೀರು ಕುಡಿಯಲು ನಾಚಿ ಗೋಡೆಯ ಕಡೆ ತಿರುಗಿ ಕುಡಿಯುತ್ತಾಳೆ.

ನೀನು ಫೋನಿನಲ್ಲಿ ದನಿ ತುಂಬಿ ಕಳಿಸಿದ ಪ್ರಶ್ನೆಗೆ ಉತ್ತರ ಕೊಡಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕಣದಲ್ಲಿ ಕೆಲಸ ಜಾಸ್ತಿ ಇತ್ತು ಅಂತ ಬರೆಯಬಹುದು. ಇತ್ತು ಕೂಡ. ಆದರೆ ಉಪವಾಸ ಇದ್ದು ಸುಳ್ಳು ಬರೆಯಲಾರೆ. ಉತ್ತರ ಕೊಡಬಾರದು ಅಂತಲೇ ಕೂತಿದ್ದೆ. ನಿನ್ನ ಮೇಲೆ ಹೊಟ್ಟೆಕಿಚ್ಚು, ನೀಲಾ. ಸಣ್ಣದಲ್ಲ, ದೊಡ್ಡದು.

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ಮಾಡಿದರೆ ನಿನ್ನ ದನಿ ಕೇಳಿದ ಕೂಡಲೇ ನನ್ನ ಸಿಟ್ಟು ಇಳಿದುಬಿಡುತ್ತದೆ. ಇಷ್ಟು ದಿನ ಜೋಪಾನ ಮಾಡಿದ ಸಿಟ್ಟು, ಹಾಗೆ ಇಳಿಯುವುದು ನನಗೆ ಬೇಡ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಬೀಸಾಬರು ನಾಳೆ ಟೆಂಪೋದಲ್ಲಿ ಗಜೇಂದ್ರಗಡದ ಬಜಾರಕ್ಕೆ ಬರುತ್ತಾರೆ, ಈ ಕಾಗದ ಅವರ ಕೈಯಲ್ಲಿ ಬರುತ್ತದೆ. ಹೆಂಡತಿಯ ಕಾಗದ ಹೆಂಡತಿಯ ಗೆಳತಿಗೆ ಮುಟ್ಟಿಸುವ ಕೆಲಸ ಅವರಿಗೆ ಈ ವಯಸ್ಸಿನಲ್ಲಿ ಬಂತು.

ನಿಮ್ಮ ಲಿಸ್ಬನ್ ಮಂಡಳಿಯ ಮೀಟಿಂಗಿಗೆ ನೆಟ್‌ವರ್ಕ್ ಚಲೋ ಸಿಗುತ್ತದೆ ಅಂತ ನೀನು ಗಜೇಂದ್ರಗಡಕ್ಕೆ ಮಗಳ ಮನೆಗೆ ಹೋಗಿ ಕೂತೆ. ಬಸ್ಸು ಹತ್ತಿದರೆ ಒಂದು ತಾಸಿನ ಹಾದಿ. ಲಿಸ್ಬನ್ನಿಗೆ ಹೋಗಿ ಬಂದವಳಿಗೆ ನರೇಗಲ್ಲಿಗೆ ಬರಲು ಆಗಲಿಲ್ಲ. ಈ ಹಂಗಾಮಿನಲ್ಲಿ ನೀನು ಕಣಕ್ಕೆ ಒಂದು ಸಲವೂ ಕಾಲಿಟ್ಟಿಲ್ಲ. ನೀನು ಕೂರುವ ಜಾಗದಲ್ಲಿ ನಾನು ಯಾರನ್ನೂ ಕೂರಲು ಬಿಟ್ಟಿಲ್ಲ ಅಂತ ತಿಳಿಯಬೇಡ. ಸಕ್ಕೂಬಾಯಿ ಕೂತಿದ್ದಾಳೆ. ನಿನಗಿಂತ ಲಗೂ ಕಾಯಿಯ ತೊಟ್ಟು ಬಿಡಿಸುತ್ತಾಳೆ.

ಇರಲಿ. ನೀನು ಕಳಿಸಿದ ಕರಡನ್ನು ಸೊಸೆ ಆಸಿಫಾ ಓದಿ ತಿಳಿಸಿ ಹೇಳಿದಳು. ಬಿ.ಕಾಂ. ಮಾಡಿದ ಹುಡುಗಿ, ಆದರೂ ಎರಡೆರಡು ಸಲ ಓದಿದಳು. ಮೆಣಸಿನಕಾಯಿ, ಹತ್ತಿ, ಕಾಫಿ, ಏಲಕ್ಕಿ ಏನೇ ಇರಲಿ, ಹೊಲದಿಂದ ಹೊರಟು ಹಡಗು ಹತ್ತಿ ಯಾರದೋ ದೇಶದ ಅಡಿಗೆಮನೆ ಮುಟ್ಟುವ ತನಕ ಯಾವ ಕೈ ದಾಟಿತು, ಯಾರು ಜವಾಬ್ದಾರಿ ಅನ್ನುವುದಕ್ಕೆ ಇಡೀ ಜಗತ್ತಿಗೆ ಒಂದೇ ನಿಯಮ ಮಾಡುತ್ತೀರಂತೆ. ಮೊದಲು ತತ್ವ, ಆಮೇಲೆ ಅದರ ಮೇಲೆ ಚೌಕಟ್ಟು. ತತ್ವ ಒಂದು ಸಲ ನಿಂತಿತೆಂದರೆ ಆಮೇಲೆ ಕದಲಿಸಲು ಬರುವುದಿಲ್ಲವಂತೆ. ಆ ತತ್ವದ ಮೂರನೆಯ ಸಾಲು ಓದುವಾಗ ಆಸಿಫಾ ತಡೆದು ನಿಂತಳು. "ಅಮ್ಮಾ, ಇದು ನಮ್ಮ ಕುತ್ತಿಗಿಗೇ ಬರತದ ನೋಡ್ರಿ" ಅಂದಳು. ಒಂದು ಚೀಲ, ಒಂದು ಹೊಲ, ಒಂದು ಹೆಸರು. ಹಾಗೆ ಇಲ್ಲದ ಮಾಲಿಗೆ ಮುದ್ರೆ ಇಲ್ಲ. ಮುದ್ರೆ ಇಲ್ಲದ ಮಾಲನ್ನು ಹೊರಗಿನವರು ಕೊಳ್ಳುವುದಿಲ್ಲ.

ನಮ್ಮ ಕಣ ನಡೆದಿರುವುದೇ ಮುಯ್ಯಿಯ ಮೇಲೆ. ಇವತ್ತು ನಿನ್ನ ಕಾಯಿಗೆ ನಾನು ಕೂತರೆ ನಾಳೆ ನನ್ನ ಕಾಯಿಗೆ ನೀನು ಕೂರುತ್ತೀ. ಎಲ್ಲರದೂ ಒಂದೇ ರಾಶಿಗೆ ಬೀಳುತ್ತದೆ, ಎಲ್ಲರೂ ಕೂತು ಆರಿಸುತ್ತೇವೆ. ಒಂದೊಂದು ಚೀಲಕ್ಕೆ ಒಂದೊಂದು ಹೆಸರು ಬರೆಯಿರಿ ಅಂದರೆ ಪಹಣಿಯಲ್ಲಿ ಇದ್ದ ಹೆಸರು ಬರೆಯಬೇಕು. ಪಹಣಿಯಲ್ಲಿ ಇರುವವರು ನಬೀಸಾಬರು, ಕನಕರಾಜಣ್ಣ, ಫಕೀರವ್ವನ ತೀರಿಹೋದ ಗಂಡ. ಬೆನ್ನು ಬಗ್ಗಿಸಿ ಕೂತ ನಮ್ಮ ಹೆಸರು ಎಲ್ಲಿಯೂ ಇಲ್ಲ. ಈ ನಿಯಮ ಹೀಗೇ ನಿಂತರೆ ಮುಂದಿನ ಹಂಗಾಮಿಗೆ ಕಣ ಮುಚ್ಚುತ್ತದೆ, ಮತ್ತೆ ಎಲ್ಲರೂ ಅವರವರ ಮನೆಯ ಅಂಗಳದಲ್ಲಿ ಒಬ್ಬೊಬ್ಬರೇ.

ಆ ಸಭೆಯಲ್ಲಿ ನಮ್ಮ ದೇಶದ ನಮ್ಮಂಥವರ ಪರವಾಗಿ ಇರುವುದು ಒಂದೇ ಕುರ್ಚಿ. ಅದರಲ್ಲಿ ಕೂತವಳು ನೀನು. ನೀನೇ ನನಗೆ ಹೀಗೆ ಕೇಳಿದೆ: "ಜಬೀನಾ, ಮುಂದಿನ ತಿಂಗಳ ಪಕ್ಕಾ ಮಾಡ್ತಾರ. ಕೂಡಿಸಿದ ಮಾಲಿನಾಗ ತಪ್ಪು ಯಾರದಂತ ಹ್ಯಾಂಗ ಹಿಡೀತೀರಿ ಅಂತ ಕೇಳ್ಯಾರ. ನನಗ ನೆಟ್ಟಗ ಹೇಳಾಕ ಬರವಲ್ದು. ಲಗೂನ ಬರದು ಕಳಸವಾ."

ನೆಟ್ಟಗೆ ಹೇಳಲು ಯಾಕೆ ಬರುವುದಿಲ್ಲ ಗೊತ್ತೇನು? ಅದು ನಿನ್ನ ವಿಚಾರ ಅಲ್ಲ. ನಂದು.

ಆ ದಿನ ನೆನಪು ಮಾಡಿಕೋ. ಮಂಡಳಿಯ ಜನ ಕಣ ನೋಡಲು ಬಂದರು, ಜೊತೆಗೆ ಕನ್ನಡ ಬಲ್ಲ ಒಬ್ಬ ಧಾರವಾಡದವ. ಚೀಲದ ಕೊರಳಿಗೆ ಕಟ್ಟಿದ ಗಂಟುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ರಾಶಿಗೆ ಸುರಿಯುವ ಮೊದಲು ಪ್ರತಿಯೊಬ್ಬಳೂ ತನ್ನ ಕಾಯಿಯಲ್ಲಿ ಒಂದು ಹಿಡಿ ತೆಗೆದು, ತನ್ನದೇ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಇಡುತ್ತಾಳೆ, ಚೀಲ ತುಂಬಿದ ಮೇಲೆ ಆ ಗಂಟುಗಳನ್ನು ಅದರ ಕೊರಳಿಗೆ ಕಟ್ಟುತ್ತೇವೆ. ಓದಲು ಬಾರದವಳಿಗೂ ತನ್ನ ಸೀರೆಯ ಗುರುತು ಸಿಗುತ್ತದೆ. ಮೊದಲು ಸೀರೆ ಹರಿದವಳು ನಾನು. ಹಸಿರು ಸೀರೆ, ಆಸಿಫಾಳ ಮದುವೆಯಲ್ಲಿ ಉಟ್ಟದ್ದು, ನೀನೇ ಬೈದಿದ್ದೆ. "ಇದು ಯಾರ ವಿಚಾರರಿ?" ಅಂತ ಧಾರವಾಡದವ ಕೇಳಿದ. ನಾನು ಏನಂದೆ? "ಎಲ್ಲಾ ನಮ್ಮ ನೀಲಾನ್ದರಿ. ನಾ ಏನ ಮಾಡೇನ್ರಿ, ಕುಂತೇನಿ ಅಷ್ಟ."

ಇದು ಸುಮ್ಮನೆ ಹೇಳುವ ಮಾತು, ನೀಲಾ. ಹೋಳಿಗೆ ಯಾರು ಮಾಡಿದ್ದು ಅಂತ ಬೀಗರು ಕೇಳಿದರೆ ನೆಗೆಣ್ಣಿಯನ್ನು ತೋರಿಸುತ್ತೇವೆ, ನೆಗೆಣ್ಣಿ ನಮ್ಮನ್ನು ತೋರಿಸುತ್ತಾಳೆ. ಬೀಗರಿಗೆ ಎಲ್ಲಾ ತಿಳಿಯುತ್ತದೆ. ತನ್ನದನ್ನು ತನ್ನದು ಅಂತ ಬಾಯಿಬಿಟ್ಟು ಹೇಳುವವಳು ನಮ್ಮ ಓಣಿಯಲ್ಲಿ ಯಾರಿದ್ದಾರೆ? ನಾನು ಹೇಳಿ ನಿನ್ನ ಬಾಯಿ ನೋಡುತ್ತಾ ನಿಂತೆ. "ಇಲ್ರಿ, ಇದೆಲ್ಲಾ ಅಕೀದ" ಅಂತ ನೀನು ಅನ್ನಬೇಕಿತ್ತು. ನೀನು ಚಹಾದ ಕಪ್ಪು ಎತ್ತಿ ಕುಡಿದೆ. ಧಾರವಾಡದವನಾದರೂ ಅರ್ಥ ಮಾಡಿಕೊಳ್ಳಬೇಕಿತ್ತು, ಅವನು ಅವಸರದಲ್ಲಿದ್ದ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಅವರಿಗೆ ದಾಟಿಸಿದ. ಬ್ಯಾಸಗಿಯ ಹೊತ್ತಿಗೆ ನಿನ್ನ ಹೆಸರಿಗೆ ಕುರ್ಚಿ ಬಂತು.

ಫಕೀರವ್ವ ಅವತ್ತೇ ಅಂದಿದ್ದಳು: "ಜಬೀನವ್ವಾ, ನೀ ಬಾಗಲಾ ತಗದ ಕೊಟ್ಟಿ, ಅಕಿ ಒಳಗ ಹೋಗಿ ಚಿಲಕಾ ಹಾಕ್ಕೊಂಡಳು." ನಾನು ನಕ್ಕೆ. ಆಮೇಲೆ ಊರೆಲ್ಲಾ ನಿನಗೆ ಹಾರ ಹಾಕಿತು. ರೋಣದಿಂದ ಸಾಹೇಬರು ಬಂದರು. ಹಾರ ತರಲು ನರಗುಂದಕ್ಕೆ ಹೋದವಳು ನಾನೇ, ನಿನಗೆ ಗೊತ್ತಿರಲಿಕ್ಕಿಲ್ಲ. ಬಸ್ಸಿನಲ್ಲಿ ಹಾರದ ಪುಡಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾದಿಯುದ್ದಕ್ಕೂ ಉರಿದುಕೊಂಡೆ. ಹೂವು ಬಾಡಬಾರದು ಅಂತ ನೀರೂ ಚಿಮುಕಿಸುತ್ತಿದ್ದೆ. ಎಂಥ ಹುಚ್ಚಿ ನೋಡು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕರಡಿಗೆ ಯಾರು ಬೇಕಾದರೂ ಆಕ್ಷೇಪಣೆ ಕಳಿಸಬಹುದು ಅಂತ ಆಸಿಫಾ ಹೇಳಿದಳು. "ನೀವ ಕಳಸ್ರಿ ಅಮ್ಮಾ. ಗಂಟಿನ ವಿಚಾರ ಯಾರದು ಅನ್ನೂದೂ ಅವರಿಗೆ ತಿಳೀಲಿ" ಅಂದಳು. ನನಗೆ ಆಸೆಯಾಯಿತು. ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿ ಹೇಳಿ ಬರೆಸಿದೆ. ಎಲ್ಲಾ ಹೇಳಿದೆ. ಕೊಚ್ಚಿಯಿಂದ ಮಾಲು ವಾಪಸು ಬಂದದ್ದನ್ನೂ ಹೇಳಿದೆ.

ಆ ಸಂಗತಿ ನೀನು ಮರೆತಿರಲಾರೆ. ಔಷಧದ ಅಂಶ ಜಾಸ್ತಿ ಇದೆ ಅಂತ ಇಡೀ ಮಾಲು ತಿರುಗಿ ಬಂತು. ಚಾಪೆಯ ಮೇಲೆ ಎಲ್ಲರ ಗಂಟೂ ಬಿಚ್ಚಿ, ಹಿಡಿ ಹಿಡಿ ಕಾಯಿ ಪರೀಕ್ಷೆಗೆ ಕಳಿಸಿದೆವು. ನೀಲಿ ಸೀರೆಯ ಗಂಟಿನದು ಕೆಟ್ಟಿತ್ತು. ನಿನ್ನದು. ಮಳೆ ಬಂತೆಂದು ಹೆದರಿ ನೀನು ಕೊಯ್ಲಿನ ಹೊಸ್ತಿಲಲ್ಲಿ ಮತ್ತೆ ಔಷಧ ಹೊಡೆದಿದ್ದೆ. ನೀನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಗ ಫಕೀರವ್ವ, "ಹೆಸರು ಹೊರಗ ಹೋಗೂದು ಬ್ಯಾಡ. ಲುಕ್ಸಾನ ಎಲ್ಲಾರ್ದು. ಇನ್ನ ಮುಂದ ಯಾರರ ಔಷಧ ಹೊಡೀಬೇಕಂದ್ರ ಮದಲ ಇನ್ನಿಬ್ರು ಹೋಗಿ ಹೊಲಾ ನೋಡಿ ಬರೂಣು" ಅಂದಳು. ಅವತ್ತಿನಿಂದ ಇವತ್ತಿನ ತನಕ ನಮ್ಮ ಮಾಲು ತಿರುಗಿ ಬಂದಿಲ್ಲ.

ನಿನ್ನ ಸಭೆಗೆ ಬೇಕಾದ ಉತ್ತರ ಇದೇ, ನೀಲಾ. ತಪ್ಪು ಯಾರದು ಅಂತ ಹಿಡಿಯಲು ನಮಗೂ ಬರುತ್ತದೆ, ಗಂಟು ಬಿಚ್ಚಿದರೆ ಆಯಿತು. ಹಿಡಿದ ಮೇಲೆ ಅವಳನ್ನು ಹೊರಗೆ ಹಾಕುವುದಿಲ್ಲ, ಅವಳ ಹೊಲಕ್ಕೆ ಹೋಗುತ್ತೇವೆ. ಒಂದು ಚೀಲಕ್ಕೆ ಒಂದೇ ಹೆಸರು ಇದ್ದರೆ ಆ ಹೊಲಕ್ಕೆ ಹೋಗುವವರು ಯಾರು? ಚೀಲದ ಮೇಲೆ ಕಣದ ಹೆಸರು ಇರಲಿ, ಜವಾಬ್ದಾರಿ ಕಣದ್ದು ಅಂತ ತತ್ವ ಬರೆಯಿರಿ ಅನ್ನು. ಅವರು ಬರೀ ಮಾತಿಗೆ ಒಪ್ಪುವುದಿಲ್ಲ, ನಡೆದದ್ದನ್ನು ತೋರಿಸು ಅನ್ನುತ್ತಾರೆ. ಆಗ ನೀನು ಕೊಚ್ಚಿಯ ಸಂಗತಿ ಹೇಳಬೇಕು. ಕೆಟ್ಟ ಗಂಟು ಯಾರದು ಅಂತ ಕೇಳೇ ಕೇಳುತ್ತಾರೆ. ಅಷ್ಟು ಜನರ ನಡುವೆ ಎದ್ದು ನಿಂತು "ನನ್ನದು" ಅನ್ನಬೇಕು. ಇದನ್ನು ಬರೆಯುವಾಗ ನನಗೆ ಒಳಗೊಳಗೆ ಖುಷಿಯಾಯಿತು, ಮುಚ್ಚಿಡುವುದಿಲ್ಲ.

ನನ್ನ ಆಕ್ಷೇಪಣೆಯಲ್ಲಿಯೂ ಆ ಸಾಲಿಗೆ ಬಂದಾಗ ಆಸಿಫಾ ಕೈ ನಿಲ್ಲಿಸಿ, "ನೀಲಾ ಮೌಸೀ ಹೆಸರು ಹಾಕ್ಲೇನ್ರಿ?" ಅಂದಳು. "ಹಾಕು" ಅಂದೆ. ನಬೀಸಾಬರು ಅಲ್ಲೇ ಖರ್ಜೂರ ಬಿಡಿಸುತ್ತಾ ಕೂತಿದ್ದರು. ತಲೆ ಎತ್ತದೆ ಅಂದರು: "ಹಾಕಸು. ಅಕೀ ಕುರ್ಚಿ ಹೋಗತದ, ನಿನಗ ಬಂದ್ರೂ ಬರಬಹುದು. ಆಮ್ಯಾಲ ಅದರ ಮ್ಯಾಲ ಕುಂತು ಯಾರ ಜೋಡಿ ಮಾತಾಡ್ತಿ?"

ಅಳಿಸು ಅಂದೆ. ನಿನ್ನ ಹೆಸರನ್ನಷ್ಟೇ ಅಲ್ಲ, ಎಲ್ಲವನ್ನೂ ಅಳಿಸಿಸಿದೆ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಹೇಳದೆ ಬಂದರೂ ನಾನು ಎಲ್ಲಿಯೂ ಬಾಯಿ ಬಿಡುವುದಿಲ್ಲ. ಕಣ ಮುಚ್ಚಿದರೆ ಮುಚ್ಚಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಆದರೆ ನಿನ್ನ ಹೆಸರು ನನ್ನ ಬಾಯಿಂದ ಹೋಗಬಾರದು.

ಕೂಸಿಗೆ ನನ್ನ ದುವಾ ಹೇಳು. ಹಲ್ಲು ಬರುವಾಗ ಭೇದಿ ಆಗುತ್ತದೆ, ಹೆದರಬೇಡಿ, ಜಾಸ್ತಿಯಾದರೆ ಮಾತ್ರ ದವಾಖಾನೆಗೆ ಒಯ್ಯಿರಿ. ಪಕ್ಕಾ ಮಾಡುವ ಸಭೆಗೆ ಹೋಗುವಾಗ ವಿಮಾನದಲ್ಲಿ ತಿನ್ನಲು ಶೇಂಗಾ ಹಿಂಡಿ, ಕಟಕ ರೊಟ್ಟಿ ಕಳಿಸಿದ್ದೇನೆ. ಅಲ್ಲಿ ಎದ್ದು ನಿಂತಾಗ ಅಲ್ಲಾಹ ನಿನಗೆ ಧೈರ್ಯ ಕೊಡಲಿ, ಇಟಗಿ ಭೀಮವ್ವ ನಿನ್ನ ಬೆನ್ನಿಗಿರಲಿ. ನಿನ್ನ ಮಾತು ನಿಲ್ಲಲಿ.

ನಿನ್ನ,
ಜಬೀನ

ತಾ.ಕ.: ಕಾಗದ ಮಡಿಸಿ ಇಟ್ಟವಳು ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲಾ ಖರೇ, ಆದರೆ ಸಿಟ್ಟು ಅದರದ್ದಲ್ಲ. ಕುರ್ಚಿ, ಹಾರ, ಚಹಾದ ಕಪ್ಪು ಎಲ್ಲಾ ನುಂಗಿಕೊಂಡಿದ್ದೆ. ಹೋದ ತಿಂಗಳು ಆಸಿಫಾ ನಿಮ್ಮ ಲಿಸ್ಬನ್ ಸಭೆಯ ವಿಡಿಯೋ ಕಣದಲ್ಲಿ ಎಲ್ಲರಿಗೂ ತೋರಿಸಿದಳು. ಉಳಿದವರು ನಿನ್ನ ಸೀರೆ ನೋಡಿದರು, ಕಾಲಲ್ಲಿನ ಬೂಟು ನೋಡಿ ನಕ್ಕರು. ಯಾವನೋ ಎದುರಿಗೆ ನಿಂತು ಭಾಷಣ ಮಾಡುತ್ತಿದ್ದ. ನಿನ್ನ ಮಗ್ಗುಲಲ್ಲಿ ಗ್ವಾಟೆಮಾಲಾ ದೇಶದ ಏಲಕ್ಕಿ ಬೆಳೆಯುವ ಹೆಣ್ಣುಮಗಳಂತೆ, ನಮ್ಮದೇ ವಯಸ್ಸು. ನೀನು ಅವಳ ಕಡೆ ಬಾಗಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಕಿವಿಯಲ್ಲಿ ಏನೋ ಅಂದೆ. ಅವಳು ನಿನ್ನ ತೊಡೆಗೆ ಹೊಡೆದು ನಕ್ಕಳು. ನೀನೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಸಾಲಿಯಲ್ಲಿ ಮಾಸ್ತರರು ಪಾಠ ಮಾಡುವಾಗ ಒಂದೇ ಬೆಂಚಿನಲ್ಲಿ ಕೂತು ನೀನು ನಗುತ್ತಿದ್ದ ನಗೆ ಅದು, ನೀಲಾ. ಆ ನಗೆ ನನ್ನ ಹೊರತು ಬೇರೆ ಯಾರ ಹತ್ತಿರವೂ ನಕ್ಕದ್ದನ್ನು ನಾನು ಕಂಡಿಲ್ಲ, ಕನಕರಾಜಣ್ಣನ ಹತ್ತಿರವೂ ಇಲ್ಲ. ಅವಳಿಗೆ ಕನ್ನಡ ಬರುವುದಿಲ್ಲ, ನಿನಗೆ ಅವಳ ಮಾತು ಬರುವುದಿಲ್ಲ, ಮತ್ತೆ ನಕ್ಕದ್ದು ಹೇಗೆ? ಕುರ್ಚಿ ನಿನ್ನ ಹತ್ತಿರವೇ ಇರಲಿ, ಗಂಟಿನ ವಿಚಾರವೂ ನಿನ್ನದೇ ಅನ್ನು, ನನಗೇನೂ ಬೇಡ. ವಿಮಾನ ಹತ್ತುವ ಮೊದಲು ಒಂದು ಸಲ ನರೇಗಲ್ಲಿಗೆ ಬಾ. ಅವಳ ಕಿವಿಯಲ್ಲಿ ಹೇಳಿದ್ದೇನು ಅಂತ ನನಗೂ ಹೇಳು.