ರೊಟ್ಟಿ ನಿಲ್ಲದ ಒಲಿ

ಧುಪದಾಳ
ತಾ. 12-11-1997, ಬುಧವಾರ

ಪ್ರೀತಿಯ ಮೊಮ್ಮಗಳು ಕಸ್ತೂರಿಗೆ,

ನಿನ್ನ ಆಯಿಯ ಆಶೀರ್ವಾದ. ಹುಕ್ಕೇರಿಯಾಗ ಹೊತ್ತಿಗೆ ಸರಿಯಾಗಿ ಉಣ್ಣತೀಯೋ ಇಲ್ಲೋ? ಮಣ್ಣು ಕಲಿಸಿ ಅಂಗೈ ಬಿರತಾವ ಅಂತ ಬರದಿದ್ದಿ, ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಮಲಗು. ನನ್ನ ಮೊಣಕಾಲ ನೋವು ಹಂಗ ಐತಿ. ನಾಲಿಗಿ ಮಾತ್ರ ನೆಟ್ಟಗೈತಿ ಅಂತ ಬರಿ ಅಂದಾಳ ನಿಮ್ಮವ್ವ.

ನೀ ಹೊಗಿ ಇಲ್ಲದ ಒಲಿ ಕಟ್ಟೂದು ಕಲಿಯಾಕ ಹೋದಾಗಿಂದ ನನಗ ಒಂದ ಸಂಶಯ. ನಮ್ಮ ಕಟ್ಟಿಗಿ ಉಳದ್ರ ನಿಮಗ ಕಲಸೂ ಆ ಜೀಪಿನ ಮಂದಿಗೆ ಏನು ಬಂತು? ಪುಕ್ಕಟ ಒಲಿ ಕಟ್ಟಿಕೊಡತೇವಿ ಅಂತ ಊರೂರು ಯಾಕ ತಿರಗತಾರ? ಬಾಜೂ ಮನಿ ಅಲ್ಲವ್ವಗ ಮದ್ಲ ಕಟ್ಟಿಕೊಟ್ಟು, ಗ್ವಾಡಿಗೆ ಕೆಂಪು ಬಣ್ಣದಲೆ ನಂಬರ್ ಬರದ್ರು. ಗ್ವಾಡಿಗೆ ನಂಬರ್ ಬಿತ್ತಂದ್ರ ಹಿಂದಿಂದ ಪಟ್ಟಿ ರೊಕ್ಕ ಕೇಳಾಕ ಯಾರರ ಬಂದ ಬರತಾರ. ಅದಕ್ಕ ನೋಡಿ ಬರೂಣು ಅಂತ ಹ್ವಾದೆ. ಜೀಪಿನ ಸಾಹೇಬ್ರು ಬಂದಿದ್ರು. ಅಲ್ಲವ್ವ ಇಳಕಲ್ ಸೀರಿ ಉಟಗೊಂಡು ಒಲಿ ಮುಂದ ಮದಲಗಿತ್ತಿ ಹಂಗ ಕುಂತಿದ್ಲು, ಫೋಟೋ ಹೊಡದ್ರು. "ಕಣ್ಣೀರ ಬರೂದು ನಿಂತೇತ್ರಿ, ಕಟ್ಟಿಗಿ ಮದಲಿನ ಅರ್ಧಾನೂ ಹತ್ತೂದಿಲ್ರಿ" ಅಂದ್ಲು. ಖರೆ ಹೇಳತೇನಿ, ಬ್ಯಾಳಿ ಕುದಿಯಾಕತ್ತಿತ್ತು, ಹೊಗಿ ಇದ್ದಿಲ್ಲ. ಅಕಿ ಕೂಸು ಒಲಿ ಬಾಜೂಕ ಕೆಮ್ಮದ ಮಲಗಿತ್ತು. ಎಲಾ, ನಂದ ತಪ್ಪೇನು ಅಂತ ಎದ್ದೆ.

ಜೀಪ್ ತಿರವಿನ್ಯಾಗ ಮರಿ ಆಗೂದ ತಡ, ಅಲ್ಲವ್ವ ಹಿಟ್ಟಿನ ಪರಾತ ಎತಗೊಂಡು ಹಿತ್ತಲಕ್ಕ ಹ್ವಾದ್ಲು. ನಾ ಬೆನ್ನ ಹತ್ತಿದೆ. ಮೂರು ಕಲ್ಲು ಹೂಡಿ, ಊದಿ ಊದಿ, ಕಣ್ಣ ಒರಸಿಕೋತ ರೊಟ್ಟಿ ಬಡ್ಯಾಕತ್ತಿದ್ಲು. ಇದೇನ ನಾಟಕಾ ಅಂದೆ. "ಶೆಟ್ಟೆಕ್ಕಾ, ಸಣ್ಣ ದನಿಲೆ ಮಾತಾಡ. ಆ ಒಲಿ ಬಾಯಾಗ ನನ್ನ ಮುಷ್ಟಿ ಹೋಗೂದಿಲ್ಲ. ಹಂಚಿನ ಮ್ಯಾಲಿಂದ ತಗದ ರೊಟ್ಟಿ ಕೆಂಡದ ಮುಂದ ಎಲ್ಲಿ ನಿಂದ್ರಸಿ ಸುಡಲಿ? ಹಸಿಬಿಸಿ ನೀಡಿದ್ರ ನಮ್ಮನಿಯವ್ರು ತಾಟ ದೂಡತಾರ." ಸಾಹೇಬ್ರಿಗೆ ಹೇಳೂದಿಲ್ಲೇನು ಅಂದ್ರ, ಪುಕ್ಕಟ ಕೊಟ್ಟವ್ರಿಗೆ ಹೆಂಗ ಹೇಳಲಿ ಅಂತಾಳ.

ಇದು ಊರಿಗೆಲ್ಲಾ ಗೊತ್ತಾತು. ಚಾದಂಗಡ್ಯಾಗ ಸತ್ತೆಪ್ಪ ನಿಮ್ಮಪ್ಪಗ, "ಲಗಮಪ್ಪಾ, ನಿನ್ನ ಮಗಳು ಫೋಟೋ ಹೊಡಸೂ ಒಲಿ ಕಟ್ಟಾಕ ಕಲಿಯಾಕತ್ತಾಳೇನೋ" ಅಂದನಂತ. ನಿಮ್ಮಪ್ಪ ಮಾರಿ ಗಂಟ ಹಾಕ್ಕೊಂಡು ಬಂದು, ಸೋಮವಾರ ಹುಕ್ಕೇರಿಗೆ ಹೋಗಿ ಅಕಿನ್ನ ಕರಕೊಂಡ ಬರತೇನಿ, ಸಾಕು ಆ ಕಲಿಕಿ, ಕಣಗಲಾದಾಗ ಒಂದು ವರಾ ಐತಿ ಅಂದ. ನಾ ಸುಮ್ಮನ ಕುಂತದ್ದಕ್ಕ ಅವಗೂ ಸಂಶಯ ಬಂದೈತಿ.

ಮೈ ಜ್ವಾಕಿ. ಜೋಡಿ ಕಲಿಯೂ ಹುಡಿಗ್ಯಾರಿಗೆಲ್ಲಾ ಕೇಳೇನಂತ ಹೇಳು, ಸಾಹೇಬ್ರಿಗೆ ಬ್ಯಾಡ.

ನಿನ್ನ ಆಯಿ
ಶೆಟ್ಟೆವ್ವ

ತಾ.ಕ.: ನಿಮ್ಮಪ್ಪ ಬರೂಕಿಂತ ಮದ್ಲ, ರವಿವಾರ ಮುಂಜಾನಿ ಬಸ್ಸಿಗೆ ನೀನ ಬಾ. ರೊಟ್ಟಿ ನಿಂದ್ರೂವಂಥ ಬಾಯಿ ಇಟ್ಟು ನಮ್ಮ ಅಡಗಿಮನ್ಯಾಗ ಒಂದು ಒಲಿ ಕಟ್ಟು. ಬಾಯಿ ಅಗಲಾದ್ರ ಹೊಗಿ ಒಳಗ ಬರತೈತಿ ಅಂತಾರ ನಿಮ್ಮ ಮಂದಿ. ಬರತೈತೋ ಇಲ್ಲೋ, ನಾ ಮುಂದ ಕುಂತು ನೋಡತೇನಿ. ರೊಟ್ಟಿ ನಿಂತು, ಹೊಗಿ ಬರಲಿಲ್ಲಂದ್ರ, ಅದ ರೊಟ್ಟಿ ನೀಡಿ ನಿಮ್ಮಪ್ಪನ ಜೋಡಿ ನಾ ಮಾತಾಡತೇನಿ. ಗ್ವಾಡಿಗೆ ನಂಬರ್ ಮಾತ್ರ ಬ್ಯಾಡ. ಮಣ್ಣು ತುಳಿಸಿ ನೆನಿ ಇಟ್ಟೇನಿ. ಯಾಕ ಅಂತ ನಿಮ್ಮಪ್ಪ ಕೇಳಿದ, ಮನಿ ಮುಂದಿನ ಕಟ್ಟಿ ಸಾರಸಾಕ ಅಂದೇನಿ.