ಹುರಿದ ಮಣ್ಣು

9-6-52, ಸೋಮವಾರ. ಸಿಂಧನೂರು.

ಕಸ, ರಂಗೋಲಿ, ಪೂಜೆ ಮುಗಿಯಿತು. ಒಲೆ ಆರುವ ಮುಂಚೆ ಒಡಕು ಹಂಚಿನಲ್ಲಿ ಮಣ್ಣು ಹುರಿದೆ. ರವೆ ಹುರಿದ ಹಾಗೆ, ಕೈಬಿಡದೆ. ಅದಕ್ಕೂ ಮುಂಚೆ ಮೂರು ಸಲ ಜರಡಿ ಹಿಡಿದಿದ್ದೆ — ಒಂದು ಇರುವೆಯೂ, ಒಂದು ಕೊಳೆತ ಎಲೆಯೂ ಉಳಿದಿಲ್ಲ. ಇವರು ಅಂಗಡಿಗೆ ಹೊರಟವರು ಇಣುಕಿ, "ಇವತ್ತ ಮಣ್ಣಿನ ಉಪ್ಪಿಟ್ಟೇನ?" ಅಂದರು.

ಆ ಮಣ್ಣನ್ನು ಕುಂಡಕ್ಕೆ ತುಂಬಿ ಇಪ್ಪತ್ತು ನಿಂಬೆ ಬೀಜ ಊರಿದೆ. ತುರ್ವಿಹಾಳದಲ್ಲಿ ಅವ್ವನ ಹೊಲದ ಗಿಡದವು. ಹೊಸ ಕಾಲುವೆ ಆ ಹೊಲದ ಅಂಚಿನಲ್ಲಿ ಹಾಯಲಿದೆ, ಗಿಡ ಸರಿಯಾಗಿ ಅಗೆಯುವ ಗೆರೆಯ ನಡುವೆ. ದೀಪಾವಳಿ ಆದ ಮೇಲೆ ಕಡಿಯುತ್ತಾರೆ. ನೀರು ಬರಲಿ ಎಂದು ಊರೆಲ್ಲ ಕಾಯುತ್ತಿದೆ, ಅಣ್ಣ ಹಂಪಣ್ಣ ಎಲ್ಲರಿಗಿಂತ ಹೆಚ್ಚು. ಅವ್ವ ಮಾತ್ರ ಬುಡದಲ್ಲಿ ಚಾಪೆ ಹಾಸಿಬಿಟ್ಟಿದ್ದಾಳೆ. "ಇದರ ಒಂದು ಮರಿ ಜೀವಂತ ತೋರಸ್ರಿ, ಆಮ್ಯಾಲ ಕಡೀರಿ. ಇಲ್ಲಾಂದ್ರ ನಾ ಏಳಂಗಿಲ್ಲ." ನಮ್ಮವ್ವ ಗುರುಲಿಂಗಮ್ಮ ಅಂದಳೆಂದರೆ ಅಂದಳು. ಅಲ್ಲಿ ಮೊಳೆತದ್ದನ್ನು ಆಡು ಬಿಡುವುದಿಲ್ಲ. ಹಂಪಣ್ಣನಿಗೆ ನೀರು ಹಾಕುವ ನೆನಪಿರುವುದಿಲ್ಲ. ನಾನು ಬೆಳೆಸಿ ತರುತ್ತೇನೆ ಎಂದು ಹೇಳಿ ಬಂದಿದ್ದೇನೆ. ನನ್ನದು ಚೊಕ್ಕ ಕೈ. ಯಾಕೆ ಬೆಳೆಯುವುದಿಲ್ಲ, ನೋಡೋಣ.

4-7-52

ಮೂರು. ಇಪ್ಪತ್ತರಲ್ಲಿ ಮೂರೇ ಮೇಲೆ ಬಂದಿವೆ. ಉಳಿದವನ್ನು ಕೆದಕಿದೆ — ಕೊಳೆತಿವೆ. ಅಷ್ಟು ಚೊಕ್ಕ ಮಣ್ಣಿನಲ್ಲಿ ಕೊಳೆಯುವುದು ಹೇಗೆ? ಇರಲಿ. ಅವ್ವ ಕೇಳಿದ್ದು ಒಂದು, ನನ್ನ ಹತ್ತಿರ ಮೂರಿವೆ.

16-7-52

ಒಂದು ಹೋಯಿತು. ಉಳಿದೆರಡು ಬರೀ ಎರಡು ಬೆರಳು ಎತ್ತರ, ಹತ್ತು ದಿನದಿಂದ ಅಷ್ಟೇ. ಎಲೆ ಹಳದಿ. ಸಗಣಿ ನೀರು ಹಾಕಿದೆ, ಬೂದಿ ಹಾಕಿದೆ, ಬಿಸಿಲಿಗೆ ಇಟ್ಟೆ, ನೆರಳಿಗೆ ಇಟ್ಟೆ. ಕೂಸು ಮೊಲೆ ಕಚ್ಚದೆ ಇದ್ದ ಹಾಗೆ.

ದನದ ಕೊಟ್ಟಿಗೆ ಬಳಿಯಲು ಬರುವ ಹುಸೇನಮ್ಮ — ಅವಳೂ ತುರ್ವಿಹಾಳದವಳೇ, ಅವ್ವನ ಹೊಲದಲ್ಲಿ ಕಳೆ ತೆಗೆದು ದೊಡ್ಡವಳಾದವಳು — ಕುಂಡ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡಳು.

"ಮಣ್ಣ ಹುರದೀರೇನ್ರಿ ಅಮ್ಮಾರ?"

"ಹೂಂ. ಹುಳ ಹುಪ್ಪಡಿ ಇರಬಾರದಂತ."

"ಹುಳ ಹೋತು, ಸರಿ. ಅದರಾಗಿನ ಜೀವಾನೂ ಹೋತಲ್ರಿ. ಹುರದ ಕಡ್ಲಿ ಮೊಳಕಿ ಒಡೀತೈತೇನ್ರಿ? ಮಣ್ಣೂ ಹಂಗ. ಆ ಗಿಡದ ಬುಡದಾಗಿನ ಮಣ್ಣ ತರ್ರಿ. ಬೆಳ್ಳಗ ನೂಲಿನಂಗ ಎಳಿ ಇರ್ತಾವು, ಅದು ಬೇಕು."

"ಬೂಷ್ಟು?"

"ಬೂಷ್ಟಾ ರೀ."

ಸಿಟ್ಟು ಬಂತು. ನಿನ್ನ ಕೆಲಸ ನೋಡು ಅಂದೆ. ರೊಟ್ಟಿಗೆ ಬೂಷ್ಟು ಬಂದರೆ ದನಕ್ಕೂ ಹಾಕದವಳು ನಾನು. ಬೂಷ್ಟನ್ನು ತಂದು ಮನೆಯಲ್ಲಿ ಸಾಕುವುದೇ?

26-7-52, ಪಂಚಮಿ. ತುರ್ವಿಹಾಳ, ಮಧ್ಯಾಹ್ನ.

ಮೊನ್ನೆಯೇ ತವರಿಗೆ ಬಂದೆ. ಹುಸೇನಮ್ಮನೂ ಗಾಡಿಯಲ್ಲಿ ಬಂದಳು. ಉಂಡಿ ತಿಂದು, ಜೋಕಾಲಿ ಆಡಿ ನಾಲ್ಕು ದಿನ ಇರೋಣ ಎಂದುಕೊಂಡಿದ್ದೆ. ಮಳೆ ಕವಿದಿದೆ. ಹಳ್ಳ ಬಂದರೆ ಗಾಡಿ ದಾಟುವುದಿಲ್ಲ, ಸಂಜೆಯೇ ಹೊರಡಬೇಕು ಅಂತಾನೆ ಹಂಪಣ್ಣ. ಎರಡು ಸಸಿ ಇವರ ಕೈಯಲ್ಲಿ ಬಿಟ್ಟು ಬಂದಿದ್ದೇನೆ, ಹೊರಡಲೇಬೇಕು.

ಅವ್ವ ಚಾಪೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ನಾನು ಸುಳ್ಳು ಹೇಳಲಿಲ್ಲ.

"ಹಂಚಿನ ಮ್ಯಾಲ ಮಣ್ಣ ಹುರದಿ?"

"ಹೂಂ."

"ಹೊಲದಾಗ ಹುಟ್ಟಿದಾಕಿ ನೀ." ಅಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಯಿತು, ಬಹಳ.

ಬುಡದ ಮಣ್ಣು ಒಂದು ಬುಟ್ಟಿ ಕೊಡು ಅಂದೆ. ಸಲಿಕೆ ಮುಟ್ಟಲು ಬಿಡಲಿಲ್ಲ. ಪಂಚಮಿ ದಿನ ನೆಲ ಅಗೆಯಬಾರದು, ನಾಗಪ್ಪನಿಗೆ ತಾಗುತ್ತದೆ. ನಾಳೆ ಅಗೆಯಬಹುದು, ಆದರೆ ನಾಳೆ ನಾನು ಇರುವುದಿಲ್ಲ. ಅವ್ವನಿಗೂ ಅಳು ಬಂದ ಹಾಗಿತ್ತು, ಆದರೆ ಸಲಿಕೆ ಕೊಡಲಿಲ್ಲ.

ಹುಸೇನಮ್ಮ ಬಂದಳು. "ಅಗೀಬ್ಯಾಡ್ರಿ. ಎತ್ರಿ." ಉದುರಿದ ಎಲೆಯ ಕೆಳಗೆ ಬೆರಳು ತೂರಿಸಿ ಎತ್ತಿದಳು. ಎಲೆ, ಮಣ್ಣು, ಕೂದಲಿನಂಥ ಬೇರು ಎಲ್ಲ ಒಂದಕ್ಕೊಂದು ಹಿಡಿದುಕೊಂಡು ರೊಟ್ಟಿ ಎತ್ತಿದ ಹಾಗೆ ಎದ್ದು ಬಂತು. ಹಿಡಿದಿದ್ದು ಆ ಬಿಳಿ ಎಳೆಗಳು. ಅವ್ವ ನೆಲಕ್ಕೆ ಕೈಮುಗಿದು, "ಇದು ಅಗದಂಗಲ್ಲ" ಅಂದಳು. ನಾನೂ ಕೈ ಹಾಕಿದೆ. ತಣ್ಣಗಿತ್ತು. ಮೂಸಿದೆ, ಮೊದಲ ಮಳೆಯ ವಾಸನೆ. ಅಸಹ್ಯ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

8-8-52

ಹುರಿದ ಮಣ್ಣನ್ನು ಕೊಡವಿ, ಎರಡೂ ಸಸಿಗಳ ಬೇರಿಗೆ ತವರಿನ ಮಣ್ಣು ತಾಗುವಂತೆ ನೆಟ್ಟು ಹನ್ನೆರಡು ದಿನವಾಯಿತು. ಏನೂ ಇಲ್ಲ. ಕುಂಡದ ಮೇಲೆ ಬೂಷ್ಟು ಮಾತ್ರ ಚೆನ್ನಾಗಿ ಬೆಳೆದಿದೆ. ಬೆಳಿಗ್ಗೆ ಕಸಬರಿಗೆ ತೆಗೆದುಕೊಂಡು ಹೋದೆ, ಕೆರೆದುಹಾಕೋಣ ಎಂದು. ಇವರು ಅಡ್ಡ ನಿಂತರು.

"ಸಂತ್ಯಾಗಿಂದ ಒಂದು ಲಿಂಬಿ ಸಸಿ ತರಲೇನ? ನಿಮ್ಮವ್ವಗ ಏನ ಗೊತ್ತಾಗತೈತಿ?"

"ಎಲಿ ಮೂಸಿ ಹೇಳ್ತಾಳ."

"ಹಂಗಾರ ಕಸಬರಗಿ ಇಡು. ಬೂಷ್ಟಿಗೆ ಸ್ವಲ್ಪ ದಿನ ಕೆಲಸ ಕೊಡು."

ಇಟ್ಟೆ. ದಾಟುವಾಗಲೆಲ್ಲ ಕೈ ತುರಿಸುತ್ತದೆ.

21-8-52

ಕಾಲುವೆ ಓವರ್‌ಸಿಯರ್ ಉಸ್ಮಾನ್‌ಸಾಬ್ ಇವರ ಜೊತೆ ಮನೆಗೆ ಬಂದಿದ್ದರು. ಲಿಂಗಸುಗೂರಿನವರು, ಸಂಭಾವಿತರು. ಅವ್ವನ ಮೇಲೆ ತಕರಾರಿಲ್ಲ, ಹೆದರಿಕೆ ಇದೆ. "ದೀಪಾವಳಿ ತಂಕಾ ತಡೀತೀನ್ರಿ ಅಕ್ಕಾರ. ಆಮ್ಯಾಲ ನನ್ನ ಕೈಯಾಗ ಇಲ್ಲ. ಆ ಯಮ್ಮನ್ನ ಎಬ್ಬಸ್ರಿ ಅಂತ ನಾ ಯಾರಿಗೆ ಹೇಳ್ಲಿ?"

ಕುಂಡ ನೋಡಿ ಬಗ್ಗಿದರು. ಅವರ ತಮ್ಮ ಹೈದರಾಬಾದಿನಲ್ಲಿ ಒಕ್ಕಲುತನ ಓದುತ್ತಾನಂತೆ. "ಇದನ್ನ ತಗೀಬ್ಯಾಡ್ರಿ. ಬೇರಿಗೆ ಎಟುಕಲಾರದ್ದನ್ನ ಇಂಥಾ ಎಳಿ ತಂದು ಕೊಡ್ತಾವಂತ. ಬೇರು ಅವಕ್ಕ ಸಕ್ಕರಿ ಕೊಡ್ತೈತಂತ. ಕಣ್ಣಿಗೆ ಕಾಣಲಾರದ್ದು ಇನ್ನಾ ಭಾಳ ಐತಂತ, ಬೇರಿನ ಒಳಗ."

"ಬೀಜ ಕೊಳತಿದ್ದು?"

"ಕೊಳಸೂ ಬೂಷ್ಟ ಬ್ಯಾರೆ. ಒಳ್ಳೇದು ಇದ್ರ ಅದನ್ನ ಹತ್ತಿರ ಬರಗೊಡಂಗಿಲ್ಲ. ನೀವು ಹುರದು ಬಾಗ್ಲಾ ತಗದಿಟ್ರಿ, ಕೆಟ್ಟದ್ದು ಮೊದಲು ಬಂತು."

ಹುಸೇನಮ್ಮ ಕೊಟ್ಟಿಗೆಯಿಂದ ಎಲ್ಲ ಕೇಳಿಸಿಕೊಂಡಳು. ಹೈದರಾಬಾದಿಗೆ ಹೋಗದೆ ಹೇಳಿದ್ದಳು. ಸಗಣಿ ಬಳಿಯುತ್ತಲೇ ಇದ್ದಳು, ಅದೇ ಚುಚ್ಚಿತು. ಸಂಜೆ ಅವಳಿಗೆ ಚಹಾ ಕೊಟ್ಟೆ, "ನಿಂದಾ ಖರೆ" ಅಂದೆ. "ಅದಕ್ಕೇನ ಬಿಡ್ರಿ" ಅಂದಳು.

9-9-52

ಒಂದು ಸಸಿ ಹೋಯಿತು. ಇನ್ನೊಂದರಲ್ಲಿ ಹೊಸ ಎಲೆ. ಹಸಿರು. ಮೂರು ಸಲ ಹೋಗಿ ನೋಡಿದೆ.

12-10-52, ಭಾನುವಾರ. ತುರ್ವಿಹಾಳ.

ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಬಂದೆ. ಗೇಣುದ್ದ ಇದೆ, ಹನ್ನೊಂದು ಎಲೆ. ಅವ್ವ ಮೊದಲು ಎಲೆ ನೋಡಲಿಲ್ಲ. ಮಣ್ಣಿನಲ್ಲಿ ಬೆರಳು ಆಡಿಸಿದಳು, ಎಳೆ ಸಿಕ್ಕಿತು. ಆಮೇಲೆ ಒಂದು ಎಲೆ ಹೊಸಕಿ ಮೂಸಿದಳು.

"ನಂದಾ."

ಎದ್ದು ಚಾಪೆ ಸುತ್ತಿದಳು. ಅವಳು ಅಳಲಿಲ್ಲ. ನಾನೇ ಅತ್ತೆ.

23-10-52, ಗುರುವಾರ. ತುರ್ವಿಹಾಳ.

ಕಡಿದರು. ಅವ್ವ ಬುಡಕ್ಕೆ ವಿಭೂತಿ ಹಚ್ಚಿ, ಉಳಿದ ಕಾಯಿಗಳನ್ನು ತಾನೇ ಹರಿದಳು. ಕೊಡಲಿ ಬೀಳುವ ಮೊದಲು ಉಸ್ಮಾನ್‌ಸಾಬರನ್ನು ಒಂದು ತಾಸು ನಿಲ್ಲಿಸಿದಳು. ಅಗೆಯಲು ಬಂದ ಹೆಣ್ಣುಮಕ್ಕಳೂ ಹುಸೇನಮ್ಮನೂ ನಾನೂ ಬುಡದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತೆವು. ಮೂರು ಚೀಲ. ಇಷ್ಟು ಮಣ್ಣು ಯಾಕೆ ಯಮ್ಮಾ ಎಂದು ಉಸ್ಮಾನ್‌ಸಾಬರು ಕೇಳಿದರು.

"ಗಿಡ ಹೋಗ್ಲಪ್ಪಾ. ಅದರ ಮನಿ ಮಂದೀನ್ನ ಮಗಳ ಮನಿಗೆ ಕರಕೊಂಡು ಹೊಂಟೀನಿ."

16-11-52, ಭಾನುವಾರ. ಸಿಂಧನೂರು.

ಅವ್ವ ಬಂದು ಮೂರು ವಾರವಾಯಿತು. ಅಂಗಳದಲ್ಲಿ ಚೀಲಗಳು. ನಾನು ಗುಡಿಸಿದರೆ ಅವಳಿಗೆ ಆಗದು, "ಎಲಿ ಇರ್ಲಿ ಬಿಡ" ಅಂತಾಳೆ. ನನ್ನ ಅಂಗಳ ನೋಡಿದರೆ ಓಣಿಯವರು ಏನಂದಾರು. ಅನ್ನಲಿ. ಉಗುರಲ್ಲಿ ಮಣ್ಣು ಇದ್ದರೂ ಇವತ್ತು ಬರೆಯಲು ಕೂತಿದ್ದೇನೆ, ಪುಟದ ಮೇಲೆ ಹೆಬ್ಬೆಟ್ಟಿನ ಗುರುತು ಬಿದ್ದಿದೆ.

ಕಡೆಯ ಕಾಯಿಯ ಇಪ್ಪತ್ತು ಬೀಜ ಆ ಮಣ್ಣಿನಲ್ಲಿ ಊರಿದ್ದೆ, ಜರಡಿ ಹಿಡಿಯದೆ. ಬೆಳಿಗ್ಗೆ ಎಣಿಸಿದೆ, ಹದಿನೇಳು ಎದ್ದಿವೆ. ಅವ್ವ ಹದಿನೆಂಟು ಅಂತಾಳೆ. ಅವಳ ಕಣ್ಣಿಗೆ ಪೊರೆ, ಇಲ್ಲದ್ದು ಕಾಣುತ್ತದೆ ಅಂದೆ. ಈಗ ಅಂಗಳದಿಂದ ಕೂಗುತ್ತಿದ್ದಾಳೆ, "ಪಾರೂ, ಬಾ ಇಲ್ಲಿ, ಹತ್ತೊಂಬತ್ತು" — ಹೋಗಿ ನೋಡಿ ಬರುತ್ತೇನೆ.